ಕಪ್ಪೆ ಎಣಿಸಿದ ಮಳೆಗಾಲ

ನಾನು ಗಂಭೀರ ಮನುಷ್ಯ. ಮದುವೆ ಮನೆಯಲ್ಲೂ ನಗದವನು ಅಂತ ನಮ್ಮ ಕಡೆ ಹೆಸರು ಪಡೆದವನು. ಆದರೂ ನಗೆಪಾಟಲಿನ ಸಂಗತಿಗಳು ಊರೆಲ್ಲ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಯಾಕೋ ಗೊತ್ತಿಲ್ಲ. ನಾನಂತೂ ಕರೆದಿಲ್ಲ.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದು ಮಾದಾಪುರದ ಹತ್ತಿರ ಒಂದು ಕಾಫಿ ತೋಟದ ಮನೆಯಲ್ಲಿ ಮನೆಪಾಠದ ಮೇಷ್ಟ್ರಾಗಿದ್ದೆ. ಮಕ್ಕಳು ಇಬ್ಬರು. ಹನ್ನೊಂದು ವರ್ಷದ ಹುಡುಗಿ, ಎಂಟು ವರ್ಷದ ಅವಳ ತಮ್ಮ. ಶಾಲೆ ಹೊಳೆಯ ಆಚೆ. ಮಳೆ ಹಿಡಿಯಿತೆಂದರೆ ಕಾಲುಸಂಕ ನೀರೊಳಗೆ. ಹಾಗಾಗಿ ಜಗುಲಿಯೇ ಶಾಲೆ, ನಾನೇ ಹೆಡ್‌ಮಾಸ್ಟರು, ನಾನೇ ಜವಾನ. ಮನೆಯ ಯಜಮಾನರು ಮಕ್ಕಳ ಅಜ್ಜಯ್ಯ. ಹಣೆತುಂಬ ವಿಭೂತಿ, ಮಾತು ಕಡಿಮೆ. ಆಡಿದರೆ ಅದೇ ಕಾನೂನು.

ಕಪ್ಪೆಗೆ ಜನ ಬೇಕು

ಒಂದು ಮಳೆಗಾಲದ ಶುರುವಿನಲ್ಲಿ ಮೈಸೂರು ಕಡೆಯಿಂದ ಒಬ್ಬ ಪ್ರೊಫೆಸರ್ ಬಂದರು. ಎಷ್ಟು ಮಳೆ ಬಿದ್ದರೆ ಯಾವ ಕಪ್ಪೆ ಕೂಗುತ್ತದೆ ಅಂತ ಕಂಡುಹಿಡಿಯಬೇಕಂತೆ. ತೋಟದ ಹಳೇ ಬಂಗಲೆಯಲ್ಲಿ ಇಳಿದುಕೊಂಡು, ಅಜ್ಜಯ್ಯನವರನ್ನು ಕೇಳಿದರು: "ಇಬ್ಬರು ಆಳು ಬೇಕಿತ್ತಲ್ಲ, ಕಪ್ಪೆ ಎಣಿಸೋಕೆ."

ತೋಟದ ಲೆಕ್ಕ ಬರೆಯುವ ರೈಟರ್ ಹೋಗಿ ಆಳುಗಳ ಲೈನ್ ಮನೆಗಳಲ್ಲಿ ವಿಚಾರಿಸಿ ಬಂದ. "ಯಾರೂ ಒಪ್ಪಲ್ಲ ಬುದ್ಧೀ. ಕಪ್ಪೆ ಎಣಿಸಿದೋನಿಗೆ ಯಾರು ಹೆಣ್ಣು ಕೊಡ್ತಾರೆ ಅಂತಾರೆ."

ಅಜ್ಜಯ್ಯ, "ನಮ್ಮ ಮಕ್ಕಳನ್ನ ಕರ್ಕೊಳ್ಳಿ. ಹೆಂಗೂ ಮೇಷ್ಟ್ರು ಸುಮ್ನೆ ಕೂತಿರ್ತಾರೆ" ಅಂದರು.

ನಾನು ಸುಮ್ಮನೆ ಕೂತಿರಲಿಲ್ಲ. ಭಾಗಾಕಾರ ಹೇಳಿಕೊಡುತ್ತಿದ್ದೆ. ಇರಲಿ.

ಆಮೇಲೆ ಮೊಮ್ಮಗಳನ್ನು ಕರೆದು ಇನ್ನೊಂದು ಮಾತು ಹೇಳಿದರು. "ಹೆಣ್ಮಗು ಓದಿದ್ದು ಸಾಕು ಅಂತಿದ್ದೆ. ನೀನು ಮಡಿಕೇರಿ ಶಾಲೆಗೆ ಕಳಿಸು ಅಂತ ಹಟ ಹಿಡಿದಿದೀಯ. ಮಳೆಗಾಲ ಮುಗೀಲಿ. ನಿನ್ನ ಕಪ್ಪೆ ಲೆಕ್ಕದ ಪುಸ್ತಕ ಸರಿ ಇದೆ ಅಂತ ಪ್ರೊಫೆಸರು ಬರ್ದುಕೊಟ್ರೆ ಕಳಿಸ್ತೀನಿ. ಇಲ್ದಿದ್ರೆ ಓದು ಇಲ್ಲಿಗೇ ನಿಂತಿತು."

ಹುಡುಗಿ ಆಗಲೇ ಸ್ಕೇಲು ಹುಡುಕಿ ತಂದಳು. ಹೊಸ ಪುಸ್ತಕಕ್ಕೆ ಗೆರೆ ಹಾಕೋಕೆ ಕೂತಳು. ಪ್ರೊಫೆಸರ್ ಕಲಿಸಿದ ಮೊದಲ ಪಾಠ ಒಂದೇ: "ಕಂಡದ್ದು ಬರೀಬೇಕು. ಕಾಣದ್ದು ಬರೀಬಾರದು." ಆಮೇಲೆ ನನ್ನ ಕಡೆ ತಿರುಗಿ, "ನೀವೂನೂ ಮೇಷ್ಟ್ರೇ" ಅಂದರು.

ಹಿಡಿದವರು ಯಾರು

ಪ್ರೊಫೆಸರಿಗೆ ಒಂದೊಂದು ಜಾತಿಯ ಒಂದೊಂದು ಕಪ್ಪೆ ಸ್ಪಿರಿಟ್ ಬಾಟ್ಲಿಯಲ್ಲಿ ಬೇಕು. ಮಕ್ಕಳ ಅಜ್ಜಿಗೆ ವಿಷಯ ಗೊತ್ತಾಯಿತು. ಪೂಜೆಗೆ ಕೂತವರು ಎದ್ದು ಬಂದರು.

"ಇದು ಲಿಂಗ ಕಟ್ಟಿದೋರ ಮನೆ. ಇರುವೆಗೂ ಸಕ್ಕರೆ ಹಾಕ್ತೀವಿ. ಇಲ್ಲಿ ಜೀವ ತೆಗೆಯೋ ಹಾಗಿಲ್ಲ."

"ಹಾಗಾದ್ರೆ ಅಧ್ಯಯನ ಹೇಗಮ್ಮ?" ಅಂದರು ಪ್ರೊಫೆಸರ್, ದೈನ್ಯದಿಂದ.

ಹುಡುಗಿಯೇ ದಾರಿ ಹೇಳಿದಳು. ಕಪ್ಪೆಯನ್ನು ಬುಟ್ಟಿಯಡಿ ಕೂರಿಸಿ, ಚಿತ್ರ ಬರೆದು, ಉದ್ದ ಅಳೆದು, ಬಿಟ್ಟುಬಿಡುವುದು. ಆದರೆ ಕಪ್ಪೆ ಕೂರಬೇಕಲ್ಲ! ಮೊದಲನೆಯದು ನನ್ನ ಹೆಗಲ ಮೇಲೆ ಹಾರಿ ಅಡಿಗೆಮನೆ ಸೇರಿತು. ನಾನು ಬೆಂಚು ಹತ್ತಿದೆ. ಮಡಿ ಉಟ್ಟಿದ್ದ ಅಜ್ಜಿ, "ಅಯ್ಯೋ ಪಾಪ, ಒಣಗ್ತಾ ಇದೆ" ಅಂತ ಎರಡೂ ಕೈಯಲ್ಲಿ ಬಾಚಿ ಹಿಡಿದು, ತಲೆ ಮೇಲೆ ನೀರು ಹನಿಸುತ್ತಾ ಕೂತರು. ಚಿತ್ರ ಮುಗಿಯುವ ತನಕ ಕಪ್ಪೆ ಅಲುಗಲಿಲ್ಲ. ಈ ಮನೆಯಲ್ಲಿ ಅಜ್ಜಿಯ ಕೈಗೆ ಸಿಕ್ಕಿ ಅಲುಗಿದವರು ಯಾರೂ ಇಲ್ಲ ಬಿಡಿ.

ಹುಡುಗಿ ಕಂಡದ್ದು ಕಂಡ ಹಾಗೆ ಬರೆದಳು. ಹಿಡಿದವರು: ಅಜ್ಜಿ. ಸ್ಥಳ: ಒಲೆ ಪಕ್ಕ. ಮೇಷ್ಟ್ರು ಇದ್ದ ಸ್ಥಳ: ಬೆಂಚಿನ ಮೇಲೆ.

"ಇದೆಲ್ಲ ದೊಡ್ಡ ಪುಸ್ತಕದಲ್ಲಿ ಅಚ್ಚಾಗುತ್ತಾ?" ಅಂತ ಅಜ್ಜಿ ಕೇಳಿದರು. ಆಗಬಹುದು ಅಂದರು ಪ್ರೊಫೆಸರ್. ಮಾರನೇ ದಿನ ಬೆಳಗ್ಗೆ ಜಗುಲಿಯಲ್ಲಿ ಏಳು ಬುಟ್ಟಿ ಕವುಚಿ ಕೂತಿದ್ದವು, ಒಂದೊಂದರಡಿ ಒಂದೊಂದು ಕಪ್ಪೆ. ಏಳರ ಮೇಲೂ ಅಜ್ಜಿಯ ಕಾವಲು.

ಜಿಗಣೆ

ತಮ್ಮನಿಗೆ ಜಿಗಣೆ ಎಣಿಸುವ ಕೆಲಸ. ಒಂದು ಸಂಜೆ ಏಲಕ್ಕಿ ಕಾಡಿನ ಅಂಚಿಂದ ಬಂದು ಪಂಚೆ ಎತ್ತಿದೆ. ಕಾಲು ತುಂಬ ಜಿಗಣೆ. ಅವನ್ನು ಬಿಡಿಸೋಕೆ ಉಪ್ಪಿಗೆ ಕೈ ಚಾಚಿದರೆ ಹುಡುಗ ಡಬ್ಬಿ ಎತ್ತಿಟ್ಟ.

"ಅಲ್ಲಾಡಬೇಡಿ ಸಾರ್. ಇನ್ನೂ ಬರ್ಕೊಂಡಿಲ್ಲ."

"ಲೋ, ರಕ್ತ ಕುಡೀತಾ ಇದೆಯೋ!"

"ಕುಡೀಲಿ ಸಾರ್. ಎಷ್ಟು ಹೊತ್ತು ಕುಡೀತವೆ ಅಂತಾನೂ ಒಂದು ಕಾಲಂ ಇದೆ."

ಆ ದಿನದ ದಾಖಲೆ ಇವತ್ತಿಗೂ ಬಾಯಿಪಾಠ. ಮೇಷ್ಟ್ರು, ಇಪ್ಪತ್ತಮೂರು. ಪ್ರೊಫೆಸರ್, ನಾಲ್ಕು. ಷರಾ: ಜಿಗಣೆಗೆ ಮೇಷ್ಟ್ರೇ ಇಷ್ಟ.

ಎರಡು ಇಂಚು

ಈಗ ನಿಜವಾದ ಸಂಗತಿಗೆ ಬರುತ್ತೇನೆ. ಇಲ್ಲಿ ಪ್ರತಿ ತೋಟದಲ್ಲೂ ಮಳೆ ಅಳೆಯುವ ರೈನ್‌ಗೇಜ್ ಇರುತ್ತದೆ. ಇಬ್ಬರು ತೋಟದವರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು "ನಿಮ್ಮಲ್ಲಿ ಎಷ್ಟು ಇಂಚು?" ಅಂತಲೇ ಕೇಳುವುದು. ಪಕ್ಕದ ತೋಟದ ಸಾಹುಕಾರರು ದಿನಾ ಬೆಳಗ್ಗೆ ತಮ್ಮ ಮಳೆಯ ಲೆಕ್ಕವನ್ನು ಚೀಟಿಯಲ್ಲಿ ಬರೆದು ಅಜ್ಜಯ್ಯನವರಿಗೆ ಕಳಿಸೋರು. ಯಾವಾಗ ನೋಡಿದರೂ ಅವರದ್ದೇ ಒಂದು ಕೈ ಮೇಲು. ಚೀಟಿ ಓದಿದ ದಿನ ಅಜ್ಜಯ್ಯನಿಗೆ ತಿಂಡಿ ಸೇರುತ್ತಿರಲಿಲ್ಲ.

ನಮ್ಮ ಗೇಜ್ ನೋಡುವ ಕೆಲಸ ಹುಡುಗಿಯದು. ಕಂಬಳಿಕೊಪ್ಪೆ ಹಾಕಿಕೊಂಡು ಬೆಳಗ್ಗೆ ಎಂಟಕ್ಕೆ ಸರಿಯಾಗಿ ಹೋಗುವಳು. ಜ್ವರ ಬಂದ ದಿನವೂ ತಪ್ಪಿಸಲಿಲ್ಲ.

ಆಶ್ಲೇಷಾ ಮಳೆ ಈಸಲಾರದ ಹೊಳೆ ಅಂತಾರೆ. ಆ ವರ್ಷ ಆಶ್ಲೇಷಾ ಕೈಕೊಟ್ಟಿತು. ಒಂದು ದಿನ ಪ್ರೊಫೆಸರ್ ಅವಳ ಪುಸ್ತಕ ನೋಡಿ ಮುಖ ಸಣ್ಣದು ಮಾಡಿದರು.

"ಮಗು, ಈ ಐದು ದಿನ ಎರಡು ಇಂಚಿನ ಮೇಲೆ ಮಳೆ ಅಂತ ಬರ್ದಿದೀಯ. ಹೊಳೆ ಏರಿಲ್ಲ. ಮರಗಪ್ಪೆ ಒಂದೂ ಕೂಗಿಲ್ಲ. ಕಪ್ಪೆ ಸುಳ್ಳು ಹೇಳಲ್ಲಮ್ಮ. ಇಂಥ ಪುಸ್ತಕಕ್ಕೆ ನಾನು ಸಹಿ ಹಾಕೋದು ಹೇಗೆ?"

"ನಾನು ಕಂಡದ್ದೇ ಬರ್ದಿದ್ದು ಸಾರ್" ಅಂದಳು. ಹಿತ್ತಿಲಿಗೆ ಹೋಗಿ ಬಿಕ್ಕಿಬಿಕ್ಕಿ ಅತ್ತಳು.

ಮಾರನೇ ದಿನ ಏಳೂವರೆಗೇ ಹೋಗಿ ಗೇಜ್ ನೋಡಿದಳು. ಐವತ್ತು ಸೆಂಟು, ಅಂದರೆ ಅರ್ಧ ಇಂಚು. ಬರೆದುಕೊಂಡು ಕಾಫಿ ಗಿಡದ ಮರೆಯಲ್ಲಿ ಕೂತಳು. ನಾನೂ ಜೊತೆಗಿದ್ದೆ. ಸ್ವಲ್ಪ ಹೊತ್ತಿಗೆ ಅಜ್ಜಯ್ಯ ಬಂದರು. ಸ್ನಾನ ಆಗಿದೆ, ಪೂಜೆ ಆಗಿದೆ, ಕೈಯಲ್ಲಿ ತಂಬಿಗೆ ಇದೆ. ಆ ಕಡೆ ಈ ಕಡೆ ನೋಡಿ, ತಂಬಿಗೆಯ ನೀರನ್ನು ಗೇಜಿನೊಳಗೆ ಬಗ್ಗಿಸಿ, ದೇವರಿಗೆ ಮಾಡುವ ಹಾಗೆ ಅದಕ್ಕೊಂದು ಕೈ ಮುಗಿದು ಹೋದರು.

ಹುಡುಗಿ ನನ್ನ ಕಡೆ ತಿರುಗಿದಳು. "ಸಾರ್, ಬರೆದ್ರೆ ಅಜ್ಜಯ್ಯ ಕಳಿಸಲ್ಲ. ಬರೀದಿದ್ರೆ ಪ್ರೊಫೆಸರ್ ಸಹಿ ಹಾಕಲ್ಲ. ಏನು ಮಾಡ್ಲಿ?"

ನಾನು ಅವರ ಮನೆಯ ಅನ್ನ ತಿನ್ನುವವನು. ಹಾಗೆ ಸುಮ್ಮನೆ ನಿಂತದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ಕಣ್ಣೊರೆಸಿಕೊಂಡು, ಎಂಟಕ್ಕೆ ಸರಿಯಾಗಿ ಮತ್ತೊಮ್ಮೆ ಗೇಜ್ ನೋಡಿ, ಏನೋ ಬರೆದು ಪುಸ್ತಕ ಮುಚ್ಚಿದಳು. ನನಗೆ ತೋರಿಸಲಿಲ್ಲ. ಅಲ್ಲಿಂದ ಮುಂದೆ ದಿನವೂ ಏಳೂವರೆಗೇ ಹೋಗುವಳು.

ಮಳೆಗಾಲ ಮುಗಿದು ಪ್ರೊಫೆಸರ್ ಹೊರಡುವ ದಿನ ಬಂತು. ಬೀಳ್ಕೊಡೋಕೆ ಪಕ್ಕದ ತೋಟದ ಸಾಹುಕಾರರೂ ಬಂದಿದ್ದರು, ತಮ್ಮ ಇಡೀ ಮಳೆಗಾಲದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಹಿಡಿದುಕೊಂಡು. ಅಜ್ಜಯ್ಯ ಮೀಸೆ ತಿರುವಿ, "ಮೊದಲು ನಮ್ಮ ಪುಸ್ತಕ ಓದಿ ಪ್ರೊಫೆಸರೇ, ಗಟ್ಟಿಯಾಗಿ" ಅಂದರು.

ಪ್ರೊಫೆಸರ್ ಹಾಳೆ ತಿರುವಿ ಓದತೊಡಗಿದರು. ಒಂದು ಕಡೆ ನಿಂತರು. ಕನ್ನಡಕ ಒರೆಸಿಕೊಂಡು ಮುಂದುವರಿಸಿದರು.

"ಮಳೆ, ಐವತ್ತು ಸೆಂಟು. ಅಜ್ಜಯ್ಯ, ಎರಡು ಇಂಚು."

ಅಜ್ಜಯ್ಯನ ಕೈ ಮೀಸೆಯಲ್ಲೇ ನಿಂತಿತು.

"ಮಾರನೇ ದಿನ. ಮಳೆ, ಇಲ್ಲ. ಅಜ್ಜಯ್ಯ, ಒಂದೂಮುಕ್ಕಾಲು ಇಂಚು. ಅದರ ಮಾರನೇ ದಿನ ಅಜ್ಜಯ್ಯ ಸೋಮವಾರಪೇಟೆಗೆ ಹೋಗಿದ್ದರು. ಮಳೆ ಬರಲಿಲ್ಲ."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಹುಡುಗಿ ಕಂಬ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಪ್ರೊಫೆಸರ್ ಪೆನ್ನು ತೆಗೆದು ಪುಸ್ತಕದ ಕೊನೆಗೆ ಸಹಿ ಹಾಕಿ, ಅಜ್ಜಯ್ಯನವರ ಮುಂದಿಟ್ಟರು. ಅಜ್ಜಯ್ಯ ಆ ಸಹಿಯನ್ನೇ ನೋಡುತ್ತಾ ಕೂತರು. ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿಕೊಂಡೆ.

ಅಷ್ಟರಲ್ಲಿ ಪಕ್ಕದ ತೋಟದ ಸಾಹುಕಾರರು ಕೈಯಲ್ಲಿದ್ದ ಹಾಳೆಯನ್ನು ಮೆಲ್ಲಗೆ ಮಡಚಿ, ಯಾರಿಗೂ ಕಾಣದ ಹಾಗೆ ಕೋಟಿನ ಒಳಜೇಬಿಗೆ ಸೇರಿಸುತ್ತಿದ್ದರು.

ಅಜ್ಜಯ್ಯನಿಗೆ ಕಂಡಿತು. ತಲೆ ಎತ್ತಿದರು.

"ಮೇಷ್ಟ್ರೇ, ಈ ಹುಡುಗಿ ಮಡಿಕೇರಿಗೆ ಹೋಗ್ತಾಳೆ. ನೀವೇ ಕರ್ಕೊಂಡು ಹೋಗಿ ಸೇರಿಸಿ ಬನ್ನಿ. ಆದ್ರೆ ಒಂದು ವಾರ ತಡೀರಿ. ಮೊದಲು ಇವರ ತೋಟದ ಗೇಜ್ ಹತ್ರ ಕೂತು ಬರ್ಲಿ!"