ಓಗ್ಬನ್ನಿ, ನಾನಿಲ್ವಾ?

ರಜೆ ಕೇಳಿದರೆ ಮುಖ ಗಂಟಿಕ್ಕುವ ಹೆಡ್ಮಾಸ್ಟರುಗಳನ್ನು ನೀವೆಲ್ಲ ಕಂಡಿರುತ್ತೀರಿ. ಕೇಳಿದ ತಕ್ಷಣ ನಗುನಗುತ್ತಾ ಕೊಟ್ಟು ಜೀವ ಹಿಂಡುವವರನ್ನು ಕಂಡಿದ್ದೀರಾ? ನಮ್ಮಲ್ಲೊಬ್ಬರಿದ್ದಾರೆ, ಬೇಕಾದರೆ ಬಂದು ನೋಡಿ!

ರಾಮಾಪುರದಿಂದಾಚೆ ಕಾಡಂಚಿನ ಹೈಸ್ಕೂಲು ನಮ್ಮದು. ನಾನು ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬಂದುಹೋಗುವ ಗಣಿತದ ಮೇಷ್ಟ್ರು. ಊರಿಗೇ ಒಂದು ವರ್ಗ ಸಿಕ್ಕರೆ ಸಾಕೆಂದು ನಾನೂ ನನ್ನ ಹೆಂಡತಿಯೂ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದೆವು. ಹೆಡ್ಮಾಸ್ಟರು ಇನ್ನೂ ದೂರದ ಯಳಂದೂರಿನವರು. ಓದಿದ್ದು ಇತಿಹಾಸ. ರಜೆ ಅರ್ಜಿ ಕೊಟ್ಟರೆ ಕಣ್ಣೂ ಹಾಯಿಸದೆ ಸಹಿ ಮಾಡಿ, "ಓಗ್ಬನ್ನಿ, ಕ್ಲಾಸಿಗೆ ನಾನಿಲ್ವಾ?" ಎನ್ನುತ್ತಾರೆ. ಅಪಾಯ ಇರುವುದೇ ಅಲ್ಲಿ.

ಒಮ್ಮೆ ವಿಜ್ಞಾನದ ಮೇಡಂ ತಂಗಿಯ ನಿಶ್ಚಿತಾರ್ಥಕ್ಕೆ ಹೋದರು. ಇವರು "ಎಲೆ ತನ್ನ ಅಡ್ಗೆ ತಾನೇ ಮಾಡ್ಕತದೆ" ಎಂದು ಪಾಠ ಶುರು ಮಾಡಿದರು. ಅಡುಗೆಯ ಮಾತು ಬಂದದ್ದೇ ತಡ, ಉಪ್ಸಾರಿನ ಖಾರ ಅರೆಯುವುದರಲ್ಲೇ ಪಿರಿಯಡ್ಡು ಮುಗಿಯಿತು. ಎಲೆಯ ಆಹಾರ ತಯಾರಿಕೆಗೆ ಏನೇನು ಬೇಕೆಂದು ಪರೀಕ್ಷೆಯಲ್ಲಿ ಕೇಳಿದರೆ, ಬೆಳಕು, ನೀರು, ಬೆಳ್ಳುಳ್ಳಿ ಎಂದು ಇಡೀ ಬೆಂಚು ಬರೆದಿತ್ತು. ತಂಗಿಯ ಮದುವೆಗೆ ಭಾನುವಾರದ ಮುಹೂರ್ತವೇ ಆಗಬೇಕೆಂದು ಮೇಡಂ ಹಠ ಹಿಡಿದರಂತೆ.

ಡ್ರಿಲ್ ಮೇಷ್ಟ್ರಿಗೆ ಹಾಜರಿ ಹಾಕಿ ಬಂಡಳ್ಳಿಯ ತಮ್ಮ ತೋಟಕ್ಕೆ ಜಾರುವ ಚಾಳಿ. ಹೆಡ್ಮಾಸ್ಟರು ಆ ಪಿರಿಯಡ್ಡಿಗೆ ತಾವೇ ಹೋಗಿ, ಮಕ್ಕಳನ್ನು ಮರದಡಿ ಕೂರಿಸಿ ಕಬಡ್ಡಿಯ ನಿಯಮಗಳನ್ನು ಓದಿ ಹೇಳತೊಡಗಿದರು. ವಾರ ಕಳೆಯುವುದರೊಳಗೆ ಮಕ್ಕಳು ಡ್ರಿಲ್ ಮೇಷ್ಟ್ರನ್ನು ಗೇಟಿನಲ್ಲೇ ಅಡ್ಡಗಟ್ಟಿದರು.

"ಸಾ, ಎಲ್ಗೂ ಓಗ್ಬೇಡಿ ಸಾ. ಕಬಡ್ಡಿಯ ಕೂತ್ಕಂಡು ಕೇಳಕ್ಕಾಯ್ತಿಲ್ಲ."

ಕಡಿಮೆ ರಜೆ ಹಾಕುವ ಶಾಲೆ ಎಂದು ನಮಗೆ ಹೆಸರು ಬಂತು. ಕೊಳ್ಳೇಗಾಲದಲ್ಲಿ ಸಿಬ್ಬಂದಿಯ ಬದ್ಧತೆ ಕುರಿತು ತರಬೇತಿ ನಡೆಯಿತು. ಮಕ್ಕಳ ಮುಖ ನೋಡಿ ವರ್ಷಗಳಾದ ಸಾಹೇಬರೊಬ್ಬರು ಬದ್ಧತೆಯ ಬಗ್ಗೆ ಉಪ್ಪಿಟ್ಟು ಆರುವವರೆಗೆ ಮಾತಾಡಿ, ಕೊನೆಗೆ ನಮ್ಮ ಹೆಡ್ಮಾಸ್ಟರನ್ನು ಗುಟ್ಟು ಕೇಳಿದರು. "ಗುಟ್ಟೇನಿಲ್ಲ ಸಾ, ಅವ್ರು ಬರ್ದಿದ್ರೆ ಪಾಟ ನಾನೇ ಮಾಡ್ತೀನಿ" ಎಂದರು ಇವರು. ಎಂಥ ತ್ಯಾಗ ಎಂದು ಸಭೆ ಚಪ್ಪಾಳೆ ತಟ್ಟಿತು. ಆ ಪಾಠ ಕೇಳಿದ್ದರೆ ತಟ್ಟುತ್ತಿದ್ದರೇ?

ಕೊನೆಗೆ ನನ್ನ ಸರದಿಯೂ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿದ್ದಾಗ ಅಪೆಂಡಿಕ್ಸ್ ಕೈಕೊಟ್ಟು ಕೊಳ್ಳೇಗಾಲದ ಆಸ್ಪತ್ರೆ ಸೇರಿದೆ. ತ್ರಿಕೋನಮಿತಿ ಬಾಕಿ ಇತ್ತು. ಹೊಟ್ಟೆಯ ಹೊಲಿಗೆಗಿಂತ ಹೆಚ್ಚಾಗಿ ನೋಯುತ್ತಿದ್ದುದು ಹೆಡ್ಮಾಸ್ಟರ ಕೈಗೆ ಸಿಕ್ಕ ನನ್ನ ಮಕ್ಕಳ ಗತಿ.

ಸಂಜೆ ಹೆಡ್ಮಾಸ್ಟರು ಯಳಂದೂರಿಗೆ ಹೋಗುವ ದಾರಿಯಲ್ಲಿ ಇಳಿದು ವಾರ್ಡಿಗೆ ಬಂದರು. ಕಂಕುಳಲ್ಲಿ ಹತ್ತನೇ ತರಗತಿಯ ಗಣಿತದ ಪುಸ್ತಕ.

"ಮಲಗ್ದಂಗೇ ಯೋಳಿ ಮೇಷ್ಟ್ರೇ. ಉಪ್ಸಾರು ಮಾಡಕ್ಕಾಗಲ್ಲ, ಇದು ಪಬ್ಲಿಕ್ ಪರೀಕ್ಷೆ. ನನ್ಗೆ ತಿಳುದ್ರೆ ಮಕ್ಕಳಿಗೂ ತಿಳೀತದೆ."

ದಿನಾ ಸಂಜೆ ಬಂದರು. ತಪ್ಪು ಮಾಡಿದರು, ಬೆವರಿದರು, "ಇನ್ನೊಂದ್ಸಲ" ಎಂದರು. ನರ್ಸಮ್ಮನ ಕೈಲಿ ಬೈಸಿಕೊಂಡರು. ನಿವೃತ್ತಿಯ ಅಂಚಿನಲ್ಲಿರುವ ಮನುಷ್ಯ ನನ್ನ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಹೈಸ್ಕೂಲು ಹುಡುಗನಂತೆ ಲೆಕ್ಕ ಮಾಡುತ್ತಿದ್ದರು. ನಾನು ಶಾಲೆಗೆ ಮರಳಿದಾಗ ಪಾಠವೆಲ್ಲ ಮುಗಿದಿತ್ತು. "ಬೇಕಾದ್ರೆ ಇನ್ನೂ ನಾಕ್ ದಿನ ಮಲೀಕಳಿ ಸಾ" ಎಂದಳೊಬ್ಬ ಹುಡುಗಿ!

ಆ ಬೇಸಿಗೆಯಲ್ಲೇ ವರ್ಗಾವಣೆ ಕೌನ್ಸೆಲಿಂಗ್ ಬಂತು. ಕೊಳ್ಳೇಗಾಲದಲ್ಲಿ ಜಾಗ ಖಾಲಿ ಇತ್ತು. ಬೇಡವೆಂದು ಹೇಳಿ ಬಂದೆ. ನಾನಿಲ್ಲದ ದಿನ ನನ್ನ ಮಕ್ಕಳಿಗಾಗಿ ಬೆವರುವವರು ಅಲ್ಲಿ ಸಿಗುತ್ತಾರೋ ಇಲ್ಲವೋ. ಇಂಥ ಹೆಡ್ಮಾಸ್ಟರನ್ನು ಬಿಟ್ಟು ಹೋಗಲು ನನಗೆ ಮನಸ್ಸೇ ಬರಲಿಲ್ಲ. ಹೆಂಡತಿ ಮಾತು ಬಿಟ್ಟಳು.

ಶಾಲೆ ತೆರೆದ ದಿನ ಹೆಡ್ಮಾಸ್ಟರಿಗೆ ಇದನ್ನೆಲ್ಲ ತಿಳಿಸಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಹೇಳಿದರು:

"ಇವತ್ತು ರಜೆ ತಕಂಡು ಮನೆಯವ್ರ ಸಮಾಧಾನ ಮಾಡೋಗಿ. ನಾನಿಲ್ವಾ?"

ನಾನು ಸೀಮೆಸುಣ್ಣ ಎತ್ತಿಕೊಂಡು ಕ್ಲಾಸಿಗೆ ಓಡಿದೆ.