ಇಸ್ತ್ರಿರಾಯರ ಪಾದಯಾತ್ರೆ

ಇಸ್ತ್ರಿರಾಯರಿಗೆ ದೊಡ್ಡ ದೊಡ್ಡ ಐಡಿಯಾಗಳು ಹೊಳೆಯುವುದು ಪ್ಯಾಂಟಿನ ಗೆರೆ ತೀಡುವಾಗಲೇ. ಊರಿಗೆಲ್ಲ ಅವರೊಬ್ಬರೇ ದರ್ಜಿ. ಮನೆಯೊಳಗೂ ಗರಿಗರಿ ಪ್ಯಾಂಟು ಹಾಕಿಕೊಂಡೇ ಓಡಾಡುವುದರಿಂದ ಊರವರು ಕಟ್ಟಿದ ಬಿರುದು 'ಇಸ್ತ್ರಿರಾಯರು' ಎಂಬುದು. (ಆ ಬಿರುದನ್ನು ಅವರು ಪ್ರಶಸ್ತಿಯೆಂದೇ ತಿಳಿದಿದ್ದರು.) ಆ ಬೆಳಿಗ್ಗೆ ಎಡಗಾಲಿನ ಗೆರೆ ಮುಗಿದು ಬಲಗಾಲಿಗೆ ಬಂದಿದ್ದರಷ್ಟೆ, ಐಡಿಯಾ ಬಂದೇ ಬಿಟ್ಟಿತು.

"ನಾನು ನಡ್ಕೊಂಡೇ ಹೋಗ್ತೀನಿ ಕಣೇ!" ಎಂದು ಇಸ್ತ್ರಿಪೆಟ್ಟಿಗೆಯನ್ನು ಮೇಲೆತ್ತಿ ಘೋಷಿಸಿದರು.

"ಎಲ್ಲಿಗೆ? ಬಚ್ಚಲಿಗಾ?" ಎಂದಳು ಹೆಂಡತಿ, ಟ್ರೇಗಳಿಗೆ ಮೊಟ್ಟೆ ಜೋಡಿಸುತ್ತ.

"ಪೇಟೆಗೆ! ಹದಿನೆಂಟು ಕಿಲೋಮೀಟರ್!"

ಹೆಂಡತಿಯ ಕೈಯಲ್ಲಿದ್ದ ಮೊಟ್ಟೆ ಅರ್ಧದಲ್ಲೇ ನಿಂತಿತು. ಪಕ್ಕದ ಬೀದಿಯ ಕ್ಷೌರದ ಅಂಗಡಿಗೆ ಹೋಗಬೇಕಾದರೂ "ಗಾಡಿ ತೆಗೀತೀಯಾ?" ಎಂದು ಕೇಳುವ ಮಹಾನುಭಾವರು ಇವರು.

ಸಂಗತಿ ಇಷ್ಟೇ. ಸರ್ಕಾರ ಡೀಸೆಲ್ ಮೇಲಿನ ತೆರಿಗೆ ಏರಿಸಲು ಹೊರಟಿತ್ತು. ಏರಿಸಬಹುದೋ ಬಾರದೋ ಎಂದು ಜನರ ಅಹವಾಲು ಕೇಳಲು ಪೇಟೆಯ ಸಭಾಭವನದಲ್ಲಿ ಶುಕ್ರವಾರ ಒಂದು ಸಮಿತಿ ಕೂರುವುದಿತ್ತು. ಈ ಊರಿಗೆ ಬಸ್ಸು ನಿಂತು ಎರಡು ವರ್ಷವಾಗಿತ್ತು. ರಾಯರ ಹೆಂಡತಿಯ ಮೂರು ಚಕ್ರದ ಗಾಡಿಯೇ ಊರಿನ ಮೊಟ್ಟೆಗಳನ್ನೆಲ್ಲ ದಿನವೂ ಪೇಟೆಗೆ ಸಾಗಿಸುತ್ತಿತ್ತು. ತೆರಿಗೆ ಏರಿದರೆ ಮೊಟ್ಟೆಯ ಲಾಭವೆಲ್ಲ ಹೊಗೆಕೊಳವೆಯಲ್ಲೇ ಹಾರಿಹೋಗುವುದು ಖಂಡಿತ. ಆಮೇಲೆ ಗಾಡಿ ಮಾರುವುದೊಂದೇ ದಾರಿ. ಹದಿನೈದು ದಿನಗಳಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.  ಮನೆ ನಡೆಯುತ್ತಿರುವುದು ಪ್ಯಾಂಟಿನ ಗೆರೆಯಿಂದಲ್ಲ, ಆ ಗಾಡಿಯಿಂದ ಎಂಬುದು ರಾಯರಿಗೂ ಚೆನ್ನಾಗಿ ಗೊತ್ತಿತ್ತು.

"ಸುಮ್ನೆ ಹೋಗಿ ಮಾತಾಡಿದ್ರೆ ಯಾರು ಕೇಳ್ತಾರೆ? ಡೀಸೆಲ್ ಹಾಕ್ಸೋಕೆ ಗತಿಯಿಲ್ದೆ ನಡ್ಕೊಂಡ್ ಬಂದ್ವಿ ಅಂದ್ರೆ ಸಮಿತಿಯವರ ಕಣ್ಣಲ್ಲಿ ನೀರು ಬರ್ಬೇಕು!"

"ಮೊದ್ಲು ನಿಮ್ಮ ಕಣ್ಣಲ್ಲಿ ಬರುತ್ತೆ, ನೋಡ್ತಾ ಇರಿ."

ರಾಯರು ಈ ಕುಹಕಕ್ಕೆ ಜಗ್ಗುವವರಲ್ಲ. ನೇರ ಕ್ಷೌರದ ಅಂಗಡಿಗೆ ಹೋಗಿ (ಆ ದಿನ ನಡೆದೇ ಹೋದರು) ತಮ್ಮ ಭೀಷಣ ಪ್ರತಿಜ್ಞೆಯನ್ನು ಸಾರಿದರು. ಕ್ಷೌರಿಕನಿಗೆ ರೋಮಾಂಚನವಾಯಿತು. ಗಿರಾಕಿಯ ಕೆನ್ನೆಗೆ ಅರ್ಧ ನೊರೆ ಹಚ್ಚಿ "ನಾನೂ ನಡೀತೀನಿ!" ಎಂದ. ನೊರೆ ಹಚ್ಚಿಸಿಕೊಂಡ ಬಡಗಿ ತಾನೂ ಎಂದ. ಗಿರಣಿ ಯಜಮಾನ, ಗಾರೆಯವನು, ಗಡಿಯಾರ ರಿಪೇರಿಯವನು, ಹೀಗೆ ಒಟ್ಟು ಆರು ಜನ ತ್ಯಾಗಮೂರ್ತಿಗಳಾದರು. "ಎಲ್ರೂ ಒಟ್ಟಿಗೇ ಹೊರಡೋಣ್ವಾ?" ಎಂದು ಯಾರೋ ಕೇಳಿದ್ದಕ್ಕೆ ಆರೂ ಜನಕ್ಕೆ ಒಮ್ಮೆಲೇ ಕೆಮ್ಮು ಬಂತು. ಅವರವರ ಅನುಕೂಲ ನೋಡಿಕೊಂಡು ಅವರವರು ಹೊರಡುವುದೆಂದು ಠರಾವಾಯಿತು. ಊರಿನಲ್ಲಿ ಇಷ್ಟು ಬೇಗ ಒಮ್ಮತ ಮೂಡಿದ್ದು ಅದೇ ಮೊದಲು.

ಗುರುವಾರ ಸಂಜೆ ರಾಯರು ತಾಲೀಮಿಗೆಂದು ಮನೆಯ ಸುತ್ತ ಏಳು ಸುತ್ತು ನಡೆದರು. ಎಂಟನೆಯದಕ್ಕೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತರು.

"ಏನೇ, ನಾಳೆ ಗಾಡಿ ಹೇಗೂ ಪೇಟೆಗೆ ಹೋಗುತ್ತಲ್ವಾ?"

"ಹೋಗುತ್ತೆ."

"ಹಿಂದೆ ಟಾರ್ಪಾಲು ಇರುತ್ತಲ್ವಾ?"

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇರುತ್ತೆ. ಮತ್ತೆ ತತ್ವ?"

"ತತ್ವ ಟಾರ್ಪಾಲಿನ ಕೆಳಗೂ ತತ್ವಾನೇ ಕಣೇ."

ಶುಕ್ರವಾರ ಮುಂಜಾನೆ ಬೀದಿಗೆ ಬೀದಿಯೇ ಕೈಬೀಸಿ ಬೀಳ್ಕೊಟ್ಟಿತು. ರಾಯರು ಕೋಲು ಹಿಡಿದು, ಎದೆ ಸೆಟೆಸಿ, ಯಾರ ಕಣ್ಣಿಗೂ ಬೀಳದ ಮೋರಿಯ ತಿರುವಿನವರೆಗೆ ವೀರನಡಿಗೆಯಲ್ಲಿ ಹೋದರು. ಅಲ್ಲಿ ಗಾಡಿ ಕಾದಿತ್ತು. ಮೊಟ್ಟೆ ಟ್ರೇಗಳ ನಡುವೆ ಮುದುಡಿ ಕೂತು ಟಾರ್ಪಾಲು ಎಳೆದುಕೊಂಡರು.

"ಕಾಲು ಚಾಚ್ಬೇಡಿ! ಆ ಕಡೆ ಮೊಟ್ಟೆ ಇದೆ!"

"ಈ ಕಡೆ?"

"ಈ ಕಡೆನೂ ಮೊಟ್ಟೆ! ಉಸಿರು ಬಿಗಿಹಿಡ್ಕೊಂಡ್ ಕೂತ್ಕೊಳ್ಳಿ!"

ಪೇಟೆಗೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗ ಹಳೆಯ ಇಟ್ಟಿಗೆ ಗೂಡಿನ ಹತ್ತಿರ ರಾಯರು ಇಳಿದರು. ಬೂಟಿಗೆ ಒಂದಿಷ್ಟು ಧೂಳು ಮೆತ್ತಿಕೊಳ್ಳೋಣವೆಂದು ಗೂಡಿನ ಹಿಂದಕ್ಕೆ ಹೋದರೆ, ಅಲ್ಲಿ ಹಾಲಿನ ವ್ಯಾನಿನಿಂದ ಇಳಿದ ಕ್ಷೌರಿಕ ಆಗಲೇ ಧೂಳು ಮೆತ್ತಿಕೊಳ್ಳುತ್ತಿದ್ದ. ಅಷ್ಟರಲ್ಲಿ ಗಿರಣಿ ಯಜಮಾನನ ಟ್ರ್ಯಾಕ್ಟರು ಬಂತು. ಬಡಗಿ ಭಾವಮೈದುನನ ಬೈಕಿನಿಂದ ಇಳಿದ. ಗಾರೆಯವನೂ ಗಡಿಯಾರದವನೂ ಬೇರೆ ಬೇರೆ ಲಾರಿಗಳಿಂದ ಧುಮುಕಿದರು.

"ಬೇಗ ಬಂದ್ಬಿಟ್ರಲ್ಲ?" ಎಂದರು ರಾಯರು, ಆಕಾಶ ನೋಡುತ್ತ.

"ಅಡ್ಡದಾರಿ ಹಿಡಿದ್ವಿ. ನೀವು?"

"ನಾನೂ ಅಡ್ಡದಾರೀನೇ."

ಬೇರೆ ದಿನವಾಗಿದ್ದರೆ ಆರೂ ಜನ ಒಂದೇ ಗಾಡಿಯಲ್ಲಿ ತುರುಕಿಕೊಂಡು ಬರುತ್ತಿದ್ದರು. ಡೀಸೆಲ್ ಇಲ್ಲದ ಬಡತನವನ್ನು ತೋರಿಸಲು ಅಂದು ಆರು ವಾಹನಗಳು ಬೇಕಾದವು. ಕ್ಷೌರಿಕ ಮಾತ್ರ ಉದಾರಿ. ತನ್ನ ನೀರು ಚಿಮುಕಿಸುವ ಬಾಟಲಿಯಿಂದ ಎಲ್ಲರ ಹಣೆಗೂ ಧಾರಾಳವಾಗಿ ಬೆವರು ದಯಪಾಲಿಸಿದ.

ಹದಿನೆಂಟು ಕಿಲೋಮೀಟರ್ ನಡೆದೇ ಬಂದೆವೆಂದು ಸಾರುತ್ತ ಸಭಾಭವನ ಹೊಕ್ಕ ಇವರಿಗೆ ಚಪ್ಪಾಳೆಯೋ ಚಪ್ಪಾಳೆ. ಸಮಿತಿಯ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, "ಎಷ್ಟು ಹೊತ್ತು ಹಿಡೀತು?" ಎಂದರು.

"ಮೂರು ಗಂಟೆ," ಎಂದ ಕ್ಷೌರಿಕ.

"ಆರು ಗಂಟೆ," ಎಂದ ಗಿರಣಿ ಯಜಮಾನ, ಅದೇ ಉಸಿರಿನಲ್ಲಿ.

"ಅವರಿಗೆ ಗಾಳಿ ಎದುರಿಗಿತ್ತು," ಎಂದು ರಾಯರು ತೇಪೆ ಹಾಕಿದರು. ತೇಪೆ ಹಾಕುವುದು ಅವರ ಕಸುಬೇ ತಾನೆ.

ಆಗ ಎದ್ದು ನಿಂತವನು ತೆರಿಗೆಯ ಪರವಾಗಿದ್ದ ಬೊಕ್ಕತಲೆಯ ಸದಸ್ಯ. "ಶಭಾಷ್! ಈ ವಯಸ್ಸಿನಲ್ಲಿ ಹದಿನೆಂಟು ಕಿಲೋಮೀಟರ್ ನಡೆದೂ ಇವರ ಪ್ಯಾಂಟಿನ ಗೆರೆ ಮುರಿದಿಲ್ಲ, ನೋಡಿ! ಹಳ್ಳಿಯವರಿಗೆ ಡೀಸೆಲ್ ಯಾಕ್ರೀ ಬೇಕು? ತೆರಿಗೆ ಧಾರಾಳವಾಗಿ ಏರಿಸಬಹುದು. ಬರ್ಕೊಳ್ಳಿ!"

ಗುಮಾಸ್ತ ಬರೆಯತೊಡಗಿದ. ರಾಯರಿಗೆ ಭಾಷಣ ಮರೆತೇಹೋಯಿತು. ತಾವು ತೀಡಿದ ಗೆರೆಯೇ ಹೆಂಡತಿಯ ಗಾಡಿಗೆ ಕುತ್ತಾಗಿ ಬಂದಿತ್ತು. ಅವಳ ಮುಖ ನೆನೆದು ಅವರಿಗೆ ನಾಚಿಕೆಯಿಂದ ಸಾಯುವಂತಾಯಿತು. ಅದೇ ಗಳಿಗೆಗೆ, ಭವನದ ಕ್ಯಾಂಟೀನಿಗೆ ಮೊಟ್ಟೆ ಕೊಡಲು ಬಂದ ಅವಳು ಟ್ರೇ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು.

"ಇವಳನ್ನ ಕೇಳಿ ಸ್ವಾಮಿ!" ಎಂದು ರಾಯರು ಕೂಗಿಯೇಬಿಟ್ಟರು. "ನನಗೇನೂ ಗೊತ್ತಿಲ್ಲ. ಇವಳಿಗೆ ಗೊತ್ತು!"

ಹೆಂಡತಿ ಟ್ರೇಯನ್ನು ನಿಧಾನವಾಗಿ ಸಮಿತಿಯ ಮೇಜಿನ ಮೇಲಿಟ್ಟಳು.

"ನಾನು ನಡೆದು ಬಂದಿಲ್ಲಮ್ಮ, ಗಾಡೀಲಿ ಬಂದೆ. ಆರುನೂರು ಮೊಟ್ಟೆ ತಲೆ ಮೇಲೆ ಹೊತ್ಕೊಂಡು ಬರೋಕಾಗುತ್ತಾ? ಹೋದ ತಿಂಗಳು ಗಿರಣಿಯವರ ಸೊಸೆಗೆ ಹೆರಿಗೆ ನೋವು ಬಂದಾಗ ಇದೇ ಗಾಡೀಲಿ ಆಸ್ಪತ್ರೆಗೆ ಬಂದ್ವಿ. ಇನ್ನೊಂದು ತಿರುವು ಇದ್ದಿದ್ರೆ ಕೂಸು ಮೊಟ್ಟೆಗಳ ನಡುವೇನೇ ಹುಟ್ಟೋದು. ನಿಮಗೆ ಒಂದು ಬಸ್ಸು ತಪ್ಪಿದ್ರೆ ಇನ್ನೊಂದು ಬರುತ್ತೆ. ನಮ್ಮೂರಿಗೆ ನಾನು ಬರ್ಲಿಲ್ಲ ಅಂದ್ರೆ ಯಾರೂ ಬರಲ್ಲ."

 ಅಧ್ಯಕ್ಷೆ ಗುಮಾಸ್ತನ ಕೈಯಿಂದ ಹಾಳೆ ತೆಗೆದುಕೊಂಡು, ಅವನು ಬರೆದದ್ದನ್ನೆಲ್ಲ ಹೊಡೆದುಹಾಕಿ ತಾವೇ ಬರೆದರು. ಬಸ್ಸಿಲ್ಲದ ಊರುಗಳ ಸರಕು ಗಾಡಿಗಳನ್ನು ಈ ಏರಿಕೆಯಿಂದ ಹೊರಗಿಡಬೇಕೆಂದು ಶಿಫಾರಸು ಮಾಡುವುದಾಗಿ ಅಲ್ಲೇ ಹೇಳಿದರು. ರಾಯರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು.

"ಇವರು ನಿಮ್ಮ ಯಜಮಾನರಾ?" ಎಂದು ಅಧ್ಯಕ್ಷೆಗೆ ಅನುಮಾನ. "ಮನೇಲೇ ಗಾಡಿ ಇದ್ದೂ ನಡ್ಕೊಂಡು ಬಂದ್ರಾ?"

  ಹೆಂಡತಿ ಗಂಡನನ್ನೊಮ್ಮೆ ನೋಡಿದಳು. ಅವರ ಭುಜಕ್ಕೆ ಅಂಟಿದ್ದ ಕೋಳಿ ಪುಕ್ಕವನ್ನು ಮೆಲ್ಲಗೆ ಕಿತ್ತು ಕಿಸೆಗೆ ಹಾಕಿಕೊಂಡಳು.

"ಹೌದಮ್ಮ. ಇವರು ಗಾಡಿ ಹತ್ತೋದೇ ಇಲ್ಲ. ಬಹಳ ತತ್ವದ ಮನುಷ್ಯ."

ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಹಾರಿ ಬಂದ. "ಸಾರ್, ವಾಪಸ್ಸೂ ನಡ್ಕೊಂಡೇ ತಾನೆ? ನಾನೂ ಬರ್ತೀನಿ! ಊರು ಮುಟ್ಟೋವರೆಗೂ ಫೋಟೊ!"

ರಾಯರು ಸಹಯಾತ್ರಿಕರ ಕಡೆ ತಿರುಗಿದರು. ಐದು ಕುರ್ಚಿಗಳೂ ಖಾಲಿ.

ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಪತ್ರಿಕೆಯವನ ಉತ್ಸಾಹ ಇಳಿದುಹೋಯಿತು. ರಾಯರ ಪ್ಯಾಂಟಿನ ಗೆರೆಯೂ ಇಳಿದುಹೋಗಿತ್ತು. ಹಿಂದಿನಿಂದ ಗಾಡಿಯ ಸದ್ದು ಕೇಳಿ ಅವರಿಗೆ ಹೋದ ಜೀವ ಬಂದಂತಾಯಿತು. ಗಾಡಿ ಪಕ್ಕಕ್ಕೆ ಬಂದು ನಿಂತಿತು. ಟಾರ್ಪಾಲಿನ ಅಂಚಿನಲ್ಲಿ ಧೂಳು ಮೆತ್ತಿದ ಐದು ಜೊತೆ ಬೂಟುಗಳು ಇಣುಕುತ್ತಿದ್ದವು.

"ಪಾಪ, ಸುಸ್ತಾಗಿದೀರ, ಮುಂದೆ ಹತ್ಕೊಳ್ಳಿ," ಎಂದಳು ಹೆಂಡತಿ, ಪತ್ರಿಕೆಯವನಿಗೆ.

ಅವನು ಹತ್ತಿ ಕೂತು, ಕಿಟಕಿಯಿಂದ ಕ್ಯಾಮೆರಾ ಹೊರಚಾಚಿದ. ಗಾಡಿ ರಾಯರ ಪಕ್ಕದಲ್ಲೇ ಅವರ ನಡಿಗೆಯ ವೇಗಕ್ಕೆ ತೆವಳತೊಡಗಿತು. ಇನ್ನೂ ಹದಿನೇಳು ಕಿಲೋಮೀಟರ್ ಇತ್ತು. ಹೆಂಡತಿ ತಲೆ ಹೊರಗೆ ಹಾಕಿ ಅಕ್ಕರೆಯಿಂದ ಹೇಳಿದಳು:

"ಸ್ವಲ್ಪ ಬಿರಬಿರನೆ ಹೆಜ್ಜೆ ಹಾಕ್ರೀ. ಮೊದಲನೇ ಗೇರಲ್ಲಿ ಗಾಡಿ ಡೀಸೆಲ್ ಜಾಸ್ತಿ ಕುಡಿಯುತ್ತೆ."