ಸರದಾರನ ಬಾಯಿಕುಕ್ಕಿ

ತಟ್ಟು ಕುದುರಿ ಸಾಕೋದು ಅಂದ್ರ ಮಂದಿಗೆ ನಗಿ, ನನಗ ಎದಿ ಧಡಧಡ. ಬಳ್ಳಾರಿ ಗಾಂಧಿನಗರದಾಗ ಸಂಜಿಮುಂದ ಹುಡುಗ್ರನ್ನ ಹೊತ್ಕೊಂಡು ಸುತ್ತು ಹೊಡಿಯೋ ನಮ್ಮ ತಟ್ಟು ಸರದಾರ, ಬ್ಯಾಸಿಗಿ ಬಂತಂದ್ರ ಏನಾದ್ರೊಂದು ಮಾಡಿ ನನ್ನ ನಿದ್ದಿ ಕೆಡಿಸ್ತೈತಿ.

ಅಕ್ಕನ ಮನಿ ಹುಲ್ಲು

ಬಳ್ಳಾರಿ ಬಿಸಿಲು ಮನುಷ್ಯಾರಿಗೇ ತಡಿಯಂಗಿಲ್ಲ ಅಂತ ಈ ಸಲ ಅದನ್ನ ಸಿರುಗುಪ್ಪ ಹತ್ರ ಅಕ್ಕನ ಹೊಲದಾಗ ಬಿಟ್ಟು ಬಂದೆ. ಕಾಲುವಿ ದಂಡಿಗೆ ಹಸರು ಹುಲ್ಲು. ಕೆಲವು ವಾರ ಬಿಟ್ಟು ಹೋದ್ರ, ಜೀನಿನ ಪಟ್ಟಿ ಹೊಟ್ಟಿ ಸುತ್ತ ಬರವಲ್ದು. ಹೊಟ್ಟಿ ಉಬ್ಬರ ಅಂತ ಹೆದರಿ ದನದ ಡಾಕ್ಟರನ್ನ ಕರೆಸಿದೆ. ಅವರು ಪಕ್ಕೆಲುಬು ಹುಡುಕಿದ್ರು, ಸಿಗಲಿಲ್ಲ. ರೋಗ ಅಲ್ಲ, ಕೊಬ್ಬು ಅಂದ್ರು. ಹಿಂಗ ತಿಂತಾ ಹೋದ್ರ ಗೊರಸಿನೊಳಗ ಬಾವು ಬಂದು ನಿಂದ್ರಾಕ ಆಗಂಗಿಲ್ಲ, ಜೀವಕ್ಕೂ ಬಂದೀತು ಅಂದ್ರು.

ಅಕ್ಕಗ ಮಾತ್ರ ಸಿಟ್ಟು. "ತವರುಮನಿಯಿಂದ ಬಂದದ್ದು ನನ್ನ ಮನ್ಯಾಗ ಬಡಕಾದ್ರ ಮಂದಿ ಏನಂದಾರ್ರಿ?" ಅಂತ ಡಾಕ್ಟರನ್ನೇ ಕೇಳಿದ್ಲು.

ದೇವರ ಕುದುರಿ

ಅಲ್ಲಿ ಬ್ಯಾಡ ಅಂತ ಕುರುಗೋಡಿನ ಗೆಳೆಯನ ಜಾಗಕ್ಕ ಸಾಗಿಸಿದೆ. ಗುಡ್ಡದ ಬುಡ, ಬರೇ ಕಲ್ಲು, ನಾಕು ಕಡ್ಡಿ ಒಣಹುಲ್ಲು. ನೀರಿಡು, ಮೇವು ಹಾಕಬ್ಯಾಡ ಅಂದೆ. ಪಾಪ, ಅವ ಹೇಳಿದಂಗ ಕೇಳಿದ. ಆದ್ರೂ ಪಟ್ಟಿ ಇನ್ನೂ ಗಿಡ್ಡ ಆತು.

ಒಂದು ಸೋಮವಾರ ಹೋಗಿ ನೋಡ್ತೀನಿ, ಸರದಾರನ ಹಣಿಗೆ ವಿಭೂತಿ, ಕೊರಳಾಗ ಹೂವು. ಗುಡಿಗೆ ಹೊಂಟ ಹೆಣ್ಮಕ್ಕಳು ಸಾಲಾಗಿ ನಿಂತು ಬಾಳಿಹಣ್ಣು, ಬೆಲ್ಲ ತಿನ್ನಿಸಾಕ ಹತ್ತ್ಯಾರ. ಒಬ್ಬಂಟಿಯಾಗಿ ನಿಂತದ್ದು ನೋಡಿ ದೇವರಿಗೆ ಬಿಟ್ಟದ್ದು ಅಂದ್ಕೊಂಡಿದ್ರು. ನಾ ಹಗ್ಗ ಹಿಡಿದ್ರ, ದೇವರ ಕುದುರಿ ಕದಿಯಾಕ ಬಂದಾನ ಅಂತ ಒಬ್ಬ ಮುದುಕಿ ಅಡ್ಡ ನಿಂತ್ಲು. ನಂದು ಅಂದ್ರ ಯಾರೂ ನಂಬವಲ್ರು. ನನಗ ಅದರ ಗೊರಸಿನ ಚಿಂತಿ. ಬಗ್ಗಿ, ಬಿಸಿ ಆಗ್ಯಾವೇನು ಅಂತ ನಾಕೂ ಕಾಲು ಮುಟ್ಟಿ ನೋಡಿದೆ. ಭಕ್ತ ಅಂತ ತಿಳ್ಕೊಂಡು ದಾರಿ ಬಿಟ್ರು.

ಖಾಲಿ ಚೀಲ

ಡಾಕ್ಟರು ಕಡೀಕ ಒಂದು ಉಪಾಯ ಹೇಳಿದ್ರು. ರಾಶಿ ಮಾಡುವಾಗ ಕಾಳು ತಿನ್ನದಂಗ ಎತ್ತಿನ ಬಾಯಿಗೆ ಕಟ್ಟೋವಂಥ ಬಾಯಿಕುಕ್ಕಿ, ತಳಕ್ಕ ಸಣ್ಣ ತೂತು. ಮೇದ್ರೂ ನಾಕು ಎಸಳಷ್ಟ ಬಾಯಿಗೆ ಬರ್ತೈತಿ. ಅದನ್ನ ಕಟ್ಟಿ ಮತ್ತ ಅಕ್ಕನ ಹೊಲಕ್ಕೇ ಬಿಟ್ಟೆ. ದಿನಾ ಫೋನು ಮಾಡಿ, ಕಟ್ಟೀಯೇನು ಅಂತ ಕೇಳ್ತಿದ್ದೆ. ಕಟ್ಟೀನಿ ಅಂತಿದ್ಲು. ಹೊಟ್ಟಿ ಮಾತ್ರ ಬೆಳೀತಾನ ಹೋತು. ಒಂದಿನ ಸರದಾರ ಮುಂಗಾಲು ಎತ್ತಿ ಕುಂಟ್ತೈತಿ ಅಂದ್ಲು. ಮುಗೀತು ಅಂದ್ಕೊಂಡೆ. ಡಾಕ್ಟರನ್ನ ಕರ್ಕೊಂಡು ಓಡಿದೆ.

ಹೊಲದಾಗ ಅಕ್ಕನ ಮಾವ ನಿಂತಿದ್ರು. ಅವರು ಹಿಂದಕ ಬಳ್ಳಾರಿಯಾಗ ಜಟಕಾ ಹೊಡೀತಿದ್ದವರು. ನಮ್ಮ ಕಣ್ಣೆದುರಿಗೇ ಕುಕ್ಕಿಯೊಳಗ ಹುರುಳಿ ಸುರಿಯಾಕ ಹತ್ತಿದ್ರು.

"ಮಾವಾರ, ಇದೇನು ಮಾಡಾಕ ಹತ್ತೀರಿ?" ಅಂದೆ.

"ನಿನಗ ಬುದ್ಧಿ ಐತೇನಪಾ? ಜಟಕಾ ಕುದುರಿಗೆ ಕಟ್ಟಿದಂಗ ಬಾಯಿಗೆ ಚೀಲ ಕಟ್ಟಿ, ಕಾಳು ಹಾಕದ ಹೋಗೀಯಲ್ಲ! ಅದೂ ತಳ ತೂತು. ಗೋಣಿ ಚೂರು ಹಚ್ಚಿ ನಾನ ಹೊಲಿದೀನಿ."

ಪುಣ್ಯಕ್ಕ ಕಾಲಿನಾಗ ಸಿಕ್ಕಿದ್ದು ಬರೇ ಕಲ್ಲು. ಡಾಕ್ಟರು ಅದನ್ನ ತೆಗೆದು, ಇನ್ನೂ ಸ್ವಲ್ಪ ದಿನ ಹಿಂಗ ತಿಂದಿದ್ರ ಕಾಲೇ ಹೋಗ್ತಿತ್ತು ಅಂದಾಗ ಮಾವನ ಕಣ್ಣಾಗ ನೀರು ಬಂದ್ವು. ತಾವೇ ಹಗ್ಗ ಹಿಡಿದು ದಿನಾ ಮುಂಜಾನಿ ಸಿರುಗುಪ್ಪ ಬಸ್‌ಸ್ಟ್ಯಾಂಡ್ ತನಕ ಅಡ್ಡಾಡಿಸಾಕ ಶುರು ಮಾಡಿದ್ರು. ಸರದಾರನ ಮೈ ಇಳೀತು, ಪಟ್ಟಿ ಸುತ್ತ ಬಂತು. ನಾನೂ ಎಷ್ಟೋ ದಿನದ ಮ್ಯಾಲ ಹೊಟ್ಟಿ ತುಂಬ ಉಂಡೆ.

ತಟ್ಟು ಕರ್ಕೊಂಡು ಬರಾಕ ಹೋದಾಗ ಕುಕ್ಕಿ ಬಿಚ್ಚಿ ಚೀಲದಾಗ ಹಾಕ್ಕೊಂಡೆ. ಅಕ್ಕ ಮೆಲ್ಲಕ ಅದನ್ನ ಹೊರಗ ತೆಗೆದ್ಲು.

"ಇದು ಇಲ್ಲೇ ಇರ್ಲಿ ತಮ್ಮಾ. ಬಸ್‌ಸ್ಟ್ಯಾಂಡಿನಾಗ ದಿನಾ ಮಿರ್ಚಿ ಭಜಿ ತಿಂದು, ಈಗ ಮಾವನ ಉಡದಾರ ಹೊಟ್ಟಿ ಸುತ್ತ ಬರವಲ್ದು."